ಜೆ. ಸಿ. ರಸ್ತೆಯಲ್ಲಿ ಯಂತ್ರಗಳ ಜೀರ್ಣೋದ್ಧಾರ

ಬೆಂಗಳೂರನ್ನು ನೋಡಲೆಂದು ಬರುವ ಯಾತ್ರಿಕರು ವಿಧಾನಸೌಧವನ್ನೂ ಲಾಲ್‌ಬಾಗಿನ ಗಾಜಿನ ಮನೆಯನ್ನೂ ಬಸವನಗುಡಿಯ ದೊಡ್ಡ ಬಸವಣ್ಣನನ್ನೂ ನೋಡಿ, ಚಿಕ್ಕಪೇಟೆಯಲ್ಲಿ ಸೀರೆ ಕೊಂಡು, ತೃಪ್ತರಾಗಿ ತಮ್ಮ ತಮ್ಮ ಊರುಗಳಿಗೆ ಹಿಂದಿರುಗುವರು. ಪುರಭವನದಿಂದ ಮಿನರ್ವ ವೃತ್ತದವರೆಗೆ ಹೋಗುವ ಜಯಚಾಮರಾಜೇಂದ್ರ ರಸ್ತೆಯನ್ನು ನೋಡುವುದಕ್ಕೆಂದೇ ಬಂದವರನ್ನು ನಾವು ಕಂಡಿಲ್ಲ. ಆದರೂ, ಮನೆಯಲ್ಲಿ ಮೋಟಾರು ಗಾಡಿಯನ್ನಿಟ್ಟುಕೊಂಡು, ಹೆಂಡಿರು ಮಕ್ಕಳನ್ನು ಅದರಲ್ಲಿ ಕೂರಿಸಿಕೊಂಡು ಘಟ್ಟ ಹತ್ತಿಳಿಯುವ ಗೃಹಸ್ಥರು ಒಮ್ಮೆಯಾದರೂ ನೋಡತಕ್ಕ ಸ್ಥಳಗಳಲ್ಲಿ ಇದೂ ಒಂದೆಂಬುದು ನಮ್ಮ ಅಭಿಪ್ರಾಯ. ಅದರ ಕಾರಣವನ್ನು ಈ ಲೇಖನದಲ್ಲಿ ಅರಿಕೆಮಾಡುವೆವು.

ಮೈಸೂರಿನ ಕೊನೆಯ ಮಹಾರಾಜರ ಹೆಸರನ್ನು ಹೊತ್ತ ಈ ರಸ್ತೆಯನ್ನು ಜನರು ಸಂಕ್ಷೇಪವಾಗಿ ಜೆ. ಸಿ. ರಸ್ತೆಯೆಂದು ಕರೆಯುವರು. ಒಂದು ತುದಿಯಲ್ಲಿ 1935ರಲ್ಲಿ ತೆರೆಯಲ್ಪಟ್ಟ ಸರ್ ಪುಟ್ಟಣ್ಣಚೆಟ್ಟಿ ಪುರಭವನವು ತನ್ನ ಎತ್ತರವಾದ ಕಂಬಗಳೊಡನೆ ನಿಂತಿರುವುದು. ಅದಕ್ಕೆ ಸಮೀಪದಲ್ಲಿಯೇ ಟಾಗೋರರ ಜನ್ಮಶತಾಬ್ದಿಯ ಸ್ಮಾರಕವಾದ ರವೀಂದ್ರ ಕಲಾಕ್ಷೇತ್ರವುಂಟು. ಸಂಗೀತ ನಾಟಕಗಳ ಆ ಆವರಣವನ್ನು ದಾಟಿ ಮುಂದೆ ಹೋದಂತೆ ನೋಟವೂ ನಾದವೂ ಬದಲಾಗುವುವು. ಇಕ್ಕೆಲಗಳಲ್ಲಿಯೂ ಮೋಟಾರು ಬಿಡಿಭಾಗಗಳ ಅಂಗಡಿಗಳು. ಒಂದರಲ್ಲಿ ದೀಪಗಳು, ಇನ್ನೊಂದರಲ್ಲಿ ಆಸನದ ಹೊದಿಕೆಗಳು, ಮತ್ತೊಂದರಲ್ಲಿ ಹೂಮಾಲೆಗಳಂತೆ ತೂಗುಬಿಟ್ಟ ಬೆಲ್ಟುಗಳೂ ಗ್ಯಾಸ್ಕೆಟ್ಟುಗಳೂ. ಒಳಗಲ್ಲಿಗಳಿಗೆ ತಿರುಗಿದರೆ ಲೇತು ಯಂತ್ರಗಳ ಕೀರಲು ಧ್ವನಿ ಕಿವಿಗೂ, ಕಾದ ಎಣ್ಣೆಯ ವಾಸನೆ ಮೂಗಿಗೂ ಬೀಳುವುವು. ಇಲ್ಲಿಗೆ ಬೆಳಗ್ಗೆ ಹತ್ತು ಗಂಟೆಯ ಸುಮಾರಿಗೆ ಕಾಲ್ನಡಿಗೆಯಲ್ಲಿ ಬರುವುದು ಲೇಸು. ಗಾಡಿಯಲ್ಲಿ ಬಂದವರಿಗೆ ಅದನ್ನು ನಿಲ್ಲಿಸುವ ಜಾಗವನ್ನು ಹುಡುಕುವುದರಲ್ಲಿಯೇ ಹೊತ್ತು ಕಳೆಯುವುದು.

ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ಹೊಸ ಕಾರೆಂಬುದು ದುರ್ಲಭ ವಸ್ತುವಾಗಿತ್ತು. ಅಂಬಾಸಡರ್, ಪದ್ಮಿನಿ ಮುಂತಾದ ಎರಡು ಮೂರು ಬಗೆಯ ಗಾಡಿಗಳ ಹೊರತು ಬೇರೆ ಇರಲಿಲ್ಲ. ಅವುಗಳಿಗೂ ಮುಂಗಡ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಆದುದರಿಂದ ಎಂಜಿನ್ ಸವೆದರೆ ಗಾಡಿಯನ್ನು ಮಾರುವ ಯೋಚನೆಯೇ ಬರುತ್ತಿರಲಿಲ್ಲ. ಅದನ್ನು ಬಿಚ್ಚಿ, ಸವೆದುದನ್ನು ತೆಗೆದು, ಮರಳಿ ಕಟ್ಟಿಸುತ್ತಿದ್ದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಕಾಲವು ಕ್ರಮೇಣ ಬದಲಾಯಿತು. ಅಂಬಾಸಡರ್ ಮತ್ತು ಮಾರುತಿ 800 ಇವೆರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಆದರೆ ಎಂಜಿನ್ ಕಟ್ಟಿಸುವ ಪದ್ಧತಿ ನಿಲ್ಲಲಿಲ್ಲ. ಗಾಡಿಯೇ ಅನ್ನದ ದಾರಿಯಾಗಿರುವ ಟ್ಯಾಕ್ಸಿಯವರಿಗೂ, ಹಳೆಯ ಗಾಡಿಯನ್ನು ಇನ್ನೈದು ವರ್ಷ ಓಡಿಸಬೇಕೆನ್ನುವ ಮಧ್ಯಮ ವರ್ಗದವರಿಗೂ ಇಂದಿಗೂ ಇದೇ ಗತಿ.

ನಾವು ಈ ಬೀದಿಯನ್ನು ಕಂಡುದು ಬೇಲೂರಿನ ನಮ್ಮ ಹಳೆಯ ಶಿಷ್ಯನೊಬ್ಬನ ನಿಮಿತ್ತವಾಗಿ. ಆತನು ಟ್ಯಾಕ್ಸಿಯೊಂದನ್ನಿಟ್ಟುಕೊಂಡು ಯಾತ್ರಿಕರನ್ನು ಹಳೇಬೀಡು, ಶೃಂಗೇರಿ, ಧರ್ಮಸ್ಥಳಗಳಿಗೆ ಕರೆದೊಯ್ಯುತ್ತ ಸಂಸಾರ ನಡೆಸುವವನು. ಗಾಡಿಯ ಮೇಲೆ ಬ್ಯಾಂಕಿನ ಸಾಲ. ಮಗಳಿಗೆ ಕಾಲೇಜಿನ ಓದು. ಎಂಜಿನ್ ಎಣ್ಣೆ ಕುಡಿಯತೊಡಗಿ, ನೀಲಿ ಹೊಗೆ ಉಗುಳತೊಡಗಿದಾಗ ಆತನು ಒಂದು ಊರಿನ ಕಾರ್ಖಾನೆಯಲ್ಲಿ ಅದನ್ನು ಕಟ್ಟಿಸಿದನು. ಕಡಮೆ ಹಣ, ನಾಲ್ಕೇ ದಿನದ ಕೆಲಸ. ಹೊಗೆ ನಿಂತಿತು. ಎಲ್ಲರಿಗೂ ಸಂತೋಷವಾಯಿತು.

ಕೆಲವು ತಿಂಗಳಾದ ಮೇಲೆ, ಗಾಡಿ ನಿಂತಲ್ಲಿಯೇ ನಿಧಾನವಾಗಿ ಓಡುತ್ತಿರುವಾಗ ಎಣ್ಣೆಯ ಗಿಂಡಿಯ ಗುರುತುಳ್ಳ ಕೆಂಪು ದೀಪವು ಆಗೊಮ್ಮೆ ಈಗೊಮ್ಮೆ ಮಿನುಗತೊಡಗಿತು. ಕಟ್ಟಿಕೊಟ್ಟವರನ್ನು ಕೇಳಿದರೆ, "ಅದು ತಂತಿಯ ದೋಷ, ಭಯವಿಲ್ಲ" ಎಂದರು. ಅದಾದ ಸ್ವಲ್ಪ ದಿನಗಳಲ್ಲಿಯೇ ಒಂದು ಸಂಜೆ, ಧರ್ಮಸ್ಥಳದಿಂದ ವೃದ್ಧ ದಂಪತಿಗಳನ್ನೂ ಅವರ ಮಗ ಮೊಮ್ಮಗುವನ್ನೂ ಕರೆದುಕೊಂಡು ಚಾರ್ಮಾಡಿ ಘಟ್ಟವನ್ನು ಏರುತ್ತಿರುವಾಗ, ಎಂಜಿನ್ನಿನೊಳಗೆ ಸುತ್ತಿಗೆಯಿಂದ ಬಡಿದಂತೆ ಶಬ್ದವಾಯಿತು. ಮರುಕ್ಷಣದಲ್ಲಿ ಎಲ್ಲವೂ ಸ್ತಬ್ಧವಾಯಿತು. ಎಂಜಿನ್ ನಿಂತರೆ ಬ್ರೇಕಿಗೆ ಅದರಿಂದ ದೊರೆಯುವ ಸಹಾಯವೂ ನಿಲ್ಲುವುದೆಂಬುದನ್ನು ಅನೇಕರು ಅರಿಯರು. ಉಳಿದಿರುವ ಬಲದಿಂದ ಒಂದೆರಡು ಸಲ ಒತ್ತಬಹುದು. ಅನಂತರ ಪೆಡಲು ಕಲ್ಲಿನಂತಾಗುವುದು. ಗಾಡಿಯು ಹಿಂದಕ್ಕೆ ಜಾರತೊಡಗಿತು. ಶಿಷ್ಯನು ತನ್ನ ಬಲವನ್ನೆಲ್ಲ ಹಾಕಿ ಬ್ರೇಕನ್ನೊತ್ತಿ, ಕೈಬ್ರೇಕನ್ನೆಳೆದನು. ಯಾತ್ರಿಕರ ಮಗನು ಕೆಳಗೆ ಹಾರಿ ಚಕ್ರದ ಹಿಂದೆ ಕಲ್ಲಿಟ್ಟನು. ಹಿಂದೆ ತಿರುವು, ತಿರುವಿನಾಚೆ ಕಣಿವೆ. ದೈವಕೃಪೆಯಿಂದ ಯಾರಿಗೂ ಏನೂ ಆಗಲಿಲ್ಲ.

ಹೀಗೆ ಸತ್ತುಹೋದ ಎಂಜಿನ್ನನ್ನು ಬೆಂಗಳೂರಿಗೆ ತರುವಾಗ ಆತನು, "ಮೇಷ್ಟ್ರೇ, ನೀವೂ ಬನ್ನಿ. ನಾನೊಬ್ಬನೇ ಹೋದರೆ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿಬಿಡುತ್ತೇನೆ" ಎಂದನು. ನಮಗೆ ಯಂತ್ರವಿದ್ಯೆ ಬಾರದು. ಆದರೂ ಹೊರಟೆವು.

ಜೆ. ಸಿ. ರಸ್ತೆಯಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ, ಎರಡು ಅಂಕಣದ ಯಂತ್ರಶಾಲೆ. ಅದರ ಮೇಸ್ತ್ರಿಗಳು ಎಪ್ಪತ್ತನ್ನು ಸಮೀಪಿಸಿದ ವೃದ್ಧರು; ಮೂಗಿನ ತುದಿಯಲ್ಲಿ ಕನ್ನಡಕ, ಜೇಬಿನಲ್ಲಿ ಬೆಳ್ಳಿಯ ಬಣ್ಣದ ಮೈಕ್ರೊಮೀಟರ್. ಅವರು ಎಂಜಿನ್ನಿನ ತಳದ ಎಣ್ಣೆಯ ತಟ್ಟೆಯನ್ನು ಬಿಚ್ಚಿಸಿ, ಎಣ್ಣೆಯನ್ನೆಳೆಯುವ ಕೊಳವೆಯ ಬಾಯಿನ ಜಾಲರಿಯನ್ನು ನಮ್ಮೆದುರಿಗೆ ಹಿಡಿದರು. ಜಾಲರಿಯ ಮುಕ್ಕಾಲು ಭಾಗವನ್ನು ರಬ್ಬರಿನ ಎಳೆಗಳಂಥ ಪದಾರ್ಥವು ಮುಚ್ಚಿತ್ತು.

"ನೋಡಿ ಸ್ವಾಮಿ, ಇದು ಅಂಟು. ತಟ್ಟೆ ಸೋರದ ಹಾಗೆ ಅಂಚಿಗೆ ಹಚ್ಚುವುದು. ತೆಳ್ಳಗೆ ಒಂದು ಗೆರೆ ಎಳೆದರೆ ಸಾಕು. ಹಳೆಯ ಅಂಟನ್ನು ಕೆರೆದು ತೆಗೆಯುವುದಕ್ಕೆ ಬೇಸರಪಟ್ಟು ಅದರ ಮೇಲೆಯೇ ದಪ್ಪವಾಗಿ ಬಳಿದಿದ್ದಾರೆ. ಒಳಕ್ಕೆ ಉಬ್ಬಿದ್ದು ಉದುರಿ ಇಲ್ಲಿಗೆ ಬಂದು ಕೂತಿದೆ. ಎಂಜಿನ್ನಿಗೆ ಗಂಟಲು ಕಟ್ಟಿ ಸತ್ತಿದೆ."

ಎಣ್ಣೆಯಿಲ್ಲದೆ ಬೇರಿಂಗು ಕಾದು, ಕ್ರ್ಯಾಂಕಿಗೆ ಅಂಟಿಕೊಂಡು ತಿರುಗಿ, ಕನೆಕ್ಟಿಂಗ್ ರಾಡು ಮುರಿದು, ಬ್ಲಾಕಿನ ಪಕ್ಕವನ್ನೇ ತೂತುಮಾಡಿಕೊಂಡು ಹೊರಬಿದ್ದಿತ್ತು.

ಎಣ್ಣೆಯು ಎಂಜಿನ್ನಿನಲ್ಲಿ ಏನು ಮಾಡುವುದೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವಂತೆ ಇದೂ ಬರಿಯ ಜಾರಿಕೆಗಾಗಿ ಎಂದು ಬಹುಮಂದಿ ತಿಳಿದಿರುವರು. 1883ರಲ್ಲಿ ಇಂಗ್ಲೆಂಡಿನಲ್ಲಿ ಬೋಷಾಂ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಬೇರಿಂಗುಗಳನ್ನು ಪರೀಕ್ಷಿಸುತ್ತಿರುವಾಗ, ಎಣ್ಣೆ ಬಿಡುವುದಕ್ಕೆಂದು ಬೇರಿಂಗಿನ ಮೇಲ್ಭಾಗದಲ್ಲಿ ರಂಧ್ರವೊಂದನ್ನು ಕೊರೆಸಿದನು. ಯಂತ್ರವನ್ನು ತಿರುಗಿಸಿದೊಡನೆ ಎಣ್ಣೆಯು ಒಳಗೆ ಹೋಗುವುದಕ್ಕೆ ಬದಲಾಗಿ ಆ ರಂಧ್ರದಿಂದ ಮೇಲಕ್ಕುಕ್ಕಿತು. ಮರದ ಬೆಣೆಯನ್ನು ಜಡಿದರೆ ಬೆಣೆಯೇ ಹೊರಕ್ಕೆ ತಳ್ಳಲ್ಪಟ್ಟಿತು. ತಿರುಗುವ ಅಚ್ಚು ಎಣ್ಣೆಯನ್ನು ಇಕ್ಕಟ್ಟಿನೊಳಕ್ಕೆ ಸೆಳೆದುಕೊಂಡು ಅಪಾರವಾದ ಒತ್ತಡವನ್ನುಂಟುಮಾಡುವುದೆಂದೂ, ಆ ಎಣ್ಣೆಯ ಪೊರೆಯೇ ಭಾರವನ್ನು ಹೊರುವುದೆಂದೂ ಆಗ ತಿಳಿದುಬಂದಿತು. 1886ರಲ್ಲಿ ಆಸ್‌ಬರ್ನ್ ರೆನಾಲ್ಡ್ಸ್ ಎಂಬ ವಿದ್ವಾಂಸನು ಇದನ್ನು ಗಣಿತದಿಂದ ವಿವರಿಸಿದನು. ಎಂದರೆ, ಚೆನ್ನಾಗಿ ಕಟ್ಟಿದ ಎಂಜಿನ್ನು ಓಡುತ್ತಿರುವಾಗ ಅದರ ಕ್ರ್ಯಾಂಕು ಬೇರಿಂಗನ್ನು ಮುಟ್ಟುವುದೇ ಇಲ್ಲ. ಎಣ್ಣೆಯ ಮೇಲೆ ತೇಲುತ್ತಿರುವುದು.

ಈ ತೇಲುವಿಕೆಗೆ ಬೇಕಾದ ಎಡೆಯಾದರೋ ಮಿಲಿಮೀಟರಿನ ನೂರರಲ್ಲಿ ಎರಡರಿಂದ ಐದಾರು ಭಾಗ ಮಾತ್ರ. ನಮ್ಮ ತಲೆಗೂದಲು ಇದಕ್ಕಿಂತ ದಪ್ಪವಾಗಿರುವುದುಂಟು. ಎಡೆ ಹೆಚ್ಚಾದರೆ ಎಣ್ಣೆ ಸೋರಿಹೋಗಿ ಒತ್ತಡ ನಿಲ್ಲದು. ಕಡಮೆಯಾದರೆ ಎಣ್ಣೆ ಒಳಹೊಗದು. ಕಣ್ಣಿಗೆ ಕಾಣದ, ಬೆರಳಿಗೆ ತಿಳಿಯದ ಇಂಥ ಅಂತರದ ಮೇಲೆ ನಾವು ಮಕ್ಕಳನ್ನು ಕೂರಿಸಿಕೊಂಡು ಪ್ರಯಾಣಮಾಡುವೆವು. ಎಂಜಿನ್ನು ನಿಮಿಷಕ್ಕೆ ಮೂರು ಸಾವಿರ ಸುತ್ತು ಸುತ್ತುವಾಗ ಪ್ರತಿಯೊಂದು ಪಿಸ್ಟನ್ನೂ ಸೆಕೆಂಡಿಗೆ ಐವತ್ತು ಸಲ ಮೇಲೇರಿ ಐವತ್ತು ಸಲ ಕೆಳಗಿಳಿಯುವುದು. ಅಲ್ಲಿ ಉಳಿದ ಅಲ್ಪ ದೋಷವು ಅಲ್ಪವಾಗಿಯೇ ಉಳಿಯಲು ಸಾಧ್ಯವಿಲ್ಲ.

ಮೇಸ್ತ್ರಿಗಳು ಸಿಲಿಂಡರಿನೊಳಕ್ಕೆ ಬೋರ್ ಗೇಜನ್ನಿಳಿಸಿ ಅಳೆದರು. ಮೇಲೆ, ನಡುವೆ, ಕೆಳಗೆ. ಮತ್ತೆ ಅಡ್ಡಲಾಗಿ ಮೂರು ಕಡೆ. ಸಿಲಿಂಡರು ಎಲ್ಲ ಕಡೆಗೂ ಸಮನಾಗಿ ಸವೆಯುವುದಿಲ್ಲ. ಶಾಖವು ಹೆಚ್ಚಾಗಿಯೂ ಎಣ್ಣೆಯು ಕಡಮೆಯಾಗಿಯೂ ಇರುವ ಮೇಲ್ತುದಿಯಲ್ಲಿ ಸವೆತ ಹೆಚ್ಚು. ಪಿಸ್ಟನ್ನು ವಾಲಿಕೊಂಡು ಒತ್ತುವ ಪಕ್ಕಗಳಲ್ಲಿ ಇನ್ನೂ ಹೆಚ್ಚು. ಆದುದರಿಂದ ಗುಂಡಗಿದ್ದುದು ಕ್ರಮೇಣ ಮೊಟ್ಟೆಯಂತಾಗುವುದು. ಹಿಂದೆ ಕಟ್ಟಿದವರು ಸಿಲಿಂಡರನ್ನು ಕೊರೆಸದೆ ಹೊಸ ರಿಂಗುಗಳನ್ನು ಮಾತ್ರ ತೊಡಿಸಿದ್ದರು. ಮೊಟ್ಟೆಯಾಕಾರದ ಬಾವಿಯಲ್ಲಿ ಗುಂಡನೆಯ ರಿಂಗು ಎಷ್ಟು ದಿನ ಸರಿಯಾಗಿ ಕುಳಿತೀತು? ಹೊಗೆ ಕೆಲವು ದಿನ ನಿಂತಂತೆ ತೋರಿ ಮರಳಿ ಬರುವುದು. ಸವೆಯದೆ ಉಳಿದ ಮೇಲಿನ ಅಂಚಿಗೆ ಹೊಸ ರಿಂಗು ತಗುಲಿ ಮುರಿಯುವುದೂ ಉಂಟು.

ಕೆಲಸದ ಕ್ರಮವನ್ನು ಅವರು ನಮಗೆ ಒಂದೊಂದಾಗಿ ತೋರಿಸಿದರು. ದೊಡ್ಡ ಅಳತೆಯ ಪಿಸ್ಟನ್ನು ಕೈಗೆ ಬಂದ ಮೇಲೆ ಅದನ್ನಳೆದು, ಆ ಅಳತೆಗೆ ಸಿಲಿಂಡರನ್ನು ಕೊರೆಯತಕ್ಕದ್ದು. ಮೊದಲೇ ಕೊರೆದು ಅನಂತರ ಪಿಸ್ಟನ್ನು ಹುಡುಕತಕ್ಕದ್ದಲ್ಲ. ಕನೆಕ್ಟಿಂಗ್ ರಾಡಿನ ಮುಚ್ಚಳವು ಅದೇ ರಾಡಿಗೆ ಸೇರಬೇಕು. ಇಂದಿನ ಅನೇಕ ಎಂಜಿನ್ನುಗಳಲ್ಲಿ ಒಂದೇ ತುಂಡನ್ನು ಒಡೆದು ರಾಡನ್ನೂ ಮುಚ್ಚಳವನ್ನೂ ಮಾಡಿರುವುದರಿಂದ, ಒಡೆದ ಮುಖಗಳು ತಮ್ಮ ಜೋಡಿಯೊಡನೆ ಮಾತ್ರ ಹೊಂದುವುವು. ಹೆಡ್ಡಿನ ಬೋಲ್ಟುಗಳಲ್ಲಿ ಕೆಲವು ಬಗೆಯವು ಬಿಗಿಯುವಾಗ ಸ್ವಲ್ಪ ಹಿಗ್ಗುವಂತೆ ಮಾಡಲ್ಪಟ್ಟಿವೆ. ಅವನ್ನು ಒಂದೇ ಸಲ ಬಳಸಬಹುದು. ಹಳೆಯದನ್ನೇ ಬಿಗಿದರೆ ಹಿಡಿತ ಸಾಲದೆ ಗ್ಯಾಸ್ಕೆಟ್ಟು ಸುಡುವುದು. ಬಿಗಿಯುವುದೂ ತೋಳಿನ ಅಂದಾಜಿನಿಂದ ಆಗತಕ್ಕದ್ದಲ್ಲ; ಟಾರ್ಕ್ ರೆಂಚಿನಿಂದ, ನಡುವಿನಿಂದ ಹೊರಕ್ಕೆ, ಹಂತಹಂತವಾಗಿ. ಅನೇಕ ಡೀಸೆಲ್ ಎಂಜಿನ್ನುಗಳಲ್ಲಿ ಪಿಸ್ಟನ್ನು ಬ್ಲಾಕಿನ ಮೇಲ್ಮಟ್ಟದಿಂದ ಎಷ್ಟು ಹೊರಚಾಚುವುದೆಂಬುದನ್ನು ಅಳೆದು, ಅದಕ್ಕೆ ತಕ್ಕ ದಪ್ಪದ ಗ್ಯಾಸ್ಕೆಟ್ಟನ್ನು ಆರಿಸಬೇಕು. ಅಂಗಡಿಯಲ್ಲಿ ಸಿಕ್ಕಿದುದನ್ನು ಹಾಕುವವರು ಈ ಅಳತೆಯನ್ನೇ ಬಿಡುವರು.

ಎಲ್ಲಕ್ಕಿಂತ ನಮ್ಮ ಮನಸ್ಸನ್ನು ಸೆಳೆದುದು ಒಂದು ಬಿಳಿಯ ಬಟ್ಟೆ. ಬೇರೊಬ್ಬರ ಬ್ಲಾಕನ್ನು ಕೊರೆದು ಹೋನಿಂಗ್ ಮಾಡಿದ್ದರು. ಕೆಲಸ ಕಲಿಯುವ ಹುಡುಗನು ಬಿಸಿನೀರು ಸಾಬೂನುಗಳಿಂದ ಸಿಲಿಂಡರನ್ನುಜ್ಜಿ ತೊಳೆದು ತಂದನು. ಮೇಸ್ತ್ರಿಗಳು ಎಣ್ಣೆ ಸವರಿದ ಬಿಳಿಯ ಪಂಚೆಯ ಚೂರಿನಿಂದ ಒಳಗೆ ಒರೆಸಿ ನೋಡಿದರು, ಬೂದಿಬಣ್ಣ. "ಮತ್ತೆ ತೊಳಿ." ಎರಡನೆಯ ಸಲವೂ ಬೂದಿ. ಮೂರನೆಯ ಸಲ ಮಾಸಲು. ನಾಲ್ಕನೆಯ ಸಲ ಬಟ್ಟೆ ಬಿಳಿದಾಗಿಯೇ ಹೊರಬಂದಿತು. ಉಜ್ಜುಗಲ್ಲಿನ ಪುಡಿ ಗೆರೆಗಳಲ್ಲಿ ಉಳಿದರೆ ಹೊಸ ರಿಂಗುಗಳನ್ನು ಒಳಗಿನಿಂದಲೇ ಅರೆದುಬಿಡುವುದಂತೆ. ಸೀಮೆಎಣ್ಣೆಯಲ್ಲಿ ಅದ್ದಿ ತೆಗೆದರೆ ಕೆಲಸ ಬೇಗನಾಗುವುದು, ಪುಡಿ ಮಾತ್ರ ಅಲ್ಲಿಯೇ ಉಳಿಯುವುದು. "ಈ ತೊಳೆದ ಕೂಲಿಯನ್ನು ಯಾರೂ ಬಿಲ್ಲಿನಲ್ಲಿ ನೋಡುವುದಿಲ್ಲ ಸ್ವಾಮಿ" ಎಂದು ಅವರು ನಕ್ಕರು.

ನಮ್ಮ ವ್ಯಾಕರಣಶಾಸ್ತ್ರದಲ್ಲಿ ಲಾಘವಕ್ಕೆ ಬಹಳ ಬೆಲೆ. ಅರ್ಧಮಾತ್ರೆ ಉಳಿದರೆ ವೈಯಾಕರಣರಿಗೆ ಮಗ ಹುಟ್ಟಿದಷ್ಟು ಸಂತೋಷವೆಂದು ವಿದ್ವಾಂಸರು ವಿನೋದವಾಗಿ ಹೇಳುವುದುಂಟು. ಪಾಣಿನಿಯು ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಒಂದು ಭಾಷೆಯನ್ನೇ ಹಿಡಿದಿಟ್ಟುದು ಈ ಲಾಘವದಿಂದ. ಆದರೆ ಅದರಲ್ಲಿ ಒಂದು ನಿಯಮವೂ ಬಿಟ್ಟುಹೋಗಿಲ್ಲ. ಲಾಘವ ಬೇರೆ, ಲೋಪ ಬೇರೆ. ಸವೆಯದ ಭಾಗವನ್ನು ಅಳೆದು, ಸರಿಯೆಂದು ಕಂಡು, ಮರಳಿ ಬಳಸುವುದು ಲಾಘವ. ಅಳೆಯದೆ ಬಳಸುವುದು ಲೋಪ. ಎರಡರಲ್ಲಿಯೂ ಹಣ ಉಳಿಯುವುದು. ಗಾಡಿ ಹೊರಟ ದಿನ ಎರಡೂ ಒಂದೇ ತರಹ ಕಾಣುವುವು. ವ್ಯತ್ಯಾಸವು ತಿಳಿಯುವುದು ಘಟ್ಟದಲ್ಲಿ.

ಬೇಲೂರಿನವರಾದ ನಮಗೆ ಜೀರ್ಣೋದ್ಧಾರವೆಂಬ ಮಾತು ಹೊಸದಲ್ಲ. ಚೆನ್ನಕೇಶವನ ಗುಡಿಯ ಗೋಪುರವನ್ನು ವಿಜಯನಗರದ ಕಾಲದಲ್ಲಿ, 1397ರಲ್ಲಿ, ಮರಳಿ ಕಟ್ಟಿದರು. ಗರ್ಭಗುಡಿಯ ಮೇಲಿನ ಶಿಖರದ ಭಾರವು ಕೆಳಗಿನ ಕಟ್ಟಡಕ್ಕೆ ಅಪಾಯವೆಂದು ಕಂಡಾಗ, ಹತ್ತೊಂಬತ್ತನೆಯ ಶತಮಾನದಲ್ಲಿ ಶಿಖರವನ್ನೇ ಇಳಿಸಿದರು. ಬಿರುಕಿಗೆ ಗಾರೆ ಮೆತ್ತಿ ಸುಣ್ಣ ಬಳಿದಿದ್ದರೆ ಕೆಲಸವು ಸುಲಭವಾಗುತ್ತಿತ್ತು. ಇಂದು ಗುಡಿ ಇರುತ್ತಿತ್ತೋ ಇಲ್ಲವೋ.

ತಪ್ಪು ಕೆಲಸಗಾರರದೇ ಎನ್ನುವುದು ನ್ಯಾಯವಲ್ಲ. ಮೇಸ್ತ್ರಿಗಳೆಂದರು: "ಇಲ್ಲಿಗೆ ಬರುವವರು ಮೊದಲು ‘ಎಷ್ಟಾಗುತ್ತದೆ?’ ಎಂದು ಕೇಳುತ್ತಾರೆ. ಆಮೇಲೆ ‘ಯಾವತ್ತು ಕೊಡುತ್ತೀರಿ?’ ಎನ್ನುತ್ತಾರೆ. ‘ಅಳತೆ ಎಷ್ಟು ಬಂತು?’ ಎಂದು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಅಳತೆಗೆ ಕೂಲಿ ಕೊಡದಿದ್ದರೆ ಅಳೆಯುವವನು ಅಂಗಡಿ ಮುಚ್ಚುತ್ತಾನೆ. ಅಳೆಯದವನು ಉಳಿಯುತ್ತಾನೆ."

ಶಿಷ್ಯನ ಮುಂದೆ ಈಗ ಮೂರು ದಾರಿಗಳಿದ್ದುವು. ತೂತಾದ ಬ್ಲಾಕಿಗೆ ಬೆಸುಗೆ ಹಾಕಿಸುವುದು ಒಂದು. ಗುಜರಿಯಿಂದ ಇಡೀ ಹಳೆಯ ಎಂಜಿನ್ನೊಂದನ್ನು ತಂದು ನಾಳೆಯೇ ಕೂರಿಸುವುದು ಎರಡನೆಯದು. ಬೇರೆ ಬ್ಲಾಕನ್ನು ತಂದು, ಅಳೆದು, ಕ್ರ್ಯಾಂಕಿನಲ್ಲಿ ಬಿರುಕಿದೆಯೇ ಬಾಗಿದೆಯೇ ಎಂದು ಪರೀಕ್ಷಿಸಿ, ಕ್ರಮವಾಗಿ ಕಟ್ಟಿಸುವುದು ಮೂರನೆಯದು. ದಸರಾ ಹತ್ತಿರವಿತ್ತು, ಬಾಡಿಗೆಗಳು ಗೊತ್ತಾಗಿದ್ದುವು. ಆತನ ಕಣ್ಣು ಎರಡನೆಯದರ ಮೇಲೆ.

"ತನ್ನಿ, ಬೇಡವೆನ್ನುವುದಿಲ್ಲ" ಎಂದರು ಮೇಸ್ತ್ರಿಗಳು. "ಆದರೆ ಬಿಚ್ಚಿ ಅಳೆಯದೆ ನಾನು ಕೂರಿಸುವುದಿಲ್ಲ. ಯಾರ ಗಾಡಿಯದು, ಯಾಕೆ ಗುಜರಿಗೆ ಬಂತು, ನಿಮಗೆ ಗೊತ್ತೇ? ಕಾಗದ ಇದೆಯೇ? ಎಂಜಿನ್ ನಂಬರು ಬದಲಾದರೆ ಆರ್. ಟಿ. ಓ. ಕಚೇರಿಯಲ್ಲಿ ಬರೆಸಬೇಕು."

ಶಿಷ್ಯನು ಹೊರಗೆ ಹೋಗಿ ಹೆಂಡತಿಯೊಡನೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದನು. ಹಿಂದಿರುಗಿ ಬಂದು, "ಮೂರನೆಯದೇ ಆಗಲಿ, ಮೇಷ್ಟ್ರೇ. ಆವತ್ತು ಆ ಮಗು ಕೂಗಿದ್ದು ಇನ್ನೂ ಕಿವಿಯಲ್ಲಿದೆ" ಎಂದನು. ನಾವು ಏನೂ ಹೇಳಲಿಲ್ಲ, ಹೇಳಬೇಕಾದುದೂ ಇರಲಿಲ್ಲ. ಹೆಂಡತಿಯ ಎರಡು ಬಳೆಗಳು ಬ್ಯಾಂಕಿನಲ್ಲಿ ಅಡವಾದುವು. ಹತ್ತೊಂಬತ್ತು ದಿನ ಹಿಡಿಯಿತು. ದಸರೆಯ ಬಾಡಿಗೆಗಳು ಕೈತಪ್ಪಿದುವು. ಕೆಲಸವಾದ ಮೇಲೆ ಮೇಸ್ತ್ರಿಗಳು ಒಂದು ಹಾಳೆಯಲ್ಲಿ ನಾಲ್ಕು ಸಿಲಿಂಡರುಗಳ ಅಳತೆಯನ್ನೂ ಬೇರಿಂಗಿನ ಎಡೆಗಳನ್ನೂ ಬರೆದು ಕೊಟ್ಟರು. ಬಳೆಗಳು ಇನ್ನೂ ಬಿಡುಗಡೆಯಾಗಿಲ್ಲ. ಗಾಡಿಯು ಚಾರ್ಮಾಡಿಯನ್ನು ಅನೇಕ ಸಲ ಹತ್ತಿಳಿದಿದೆ.

ಗೃಹಸ್ಥರಾದ ವಾಚಕರಿಗೆ ಉಪಯೋಗವಾಗಲೆಂದು ನಾವು ಅಲ್ಲಿ ಕೇಳಿ ತಿಳಿದುದನ್ನು ಸಂಗ್ರಹಿಸುವೆವು. ಎಂಜಿನ್ ಬಿಚ್ಚಿದ ಮೇಲೆ ಅಳತೆಗಳನ್ನು ಕೇಳಿರಿ, ಕಾಗದದಲ್ಲಿ ಬರೆಯಿಸಿಕೊಳ್ಳಿರಿ. ತೆಗೆದ ಹಳೆಯ ಭಾಗಗಳನ್ನು ನೋಡಿರಿ. ಹೊಸ ಭಾಗಗಳನ್ನು ಮೊಹರು ಒಡೆಯದ ಪೆಟ್ಟಿಗೆಯಲ್ಲಿ, ರಸೀತಿಯೊಡನೆ ಕೊಳ್ಳಿರಿ. ಹೆಸರಾದ ಗುರುತುಗಳ ನಕಲುಗಳೂ ಪೇಟೆಯಲ್ಲಿ ಉಂಟು. ಬೇರಿಂಗು ಸುಟ್ಟ ಎಂಜಿನ್ನಾದರೆ ಎಣ್ಣೆಯ ದಾರಿಗಳನ್ನೂ ಎಣ್ಣೆ ತಣಿಸುವ ಕೂಲರನ್ನೂ ತೊಳೆದರೇ ಎಂದು ವಿಚಾರಿಸಿರಿ. ಹಳೆಯ ಲೋಹದ ಚೂರುಗಳು ಅಲ್ಲಿ ಅಡಗಿ ಹೊಸದನ್ನು ತಿನ್ನುವುವು. ಹೊಸದಾಗಿ ಕಟ್ಟಿದ ಎಂಜಿನ್ನಿಗೆ ಮೊದಲು ಭಾರ ಹೇರಬೇಡಿರಿ. ಮೊದಲ ಎಣ್ಣೆಯನ್ನು ಮೇಸ್ತ್ರಿ ಹೇಳಿದ ದೂರಕ್ಕೆ ತಪ್ಪದೆ ಬದಲಾಯಿಸಿರಿ. ಎಣ್ಣೆಯ ಗಿಂಡಿಯ ಕೆಂಪು ದೀಪವು ಓಡುವಾಗ ಹತ್ತಿದರೆ, ಮುಂದಿನ ಊರು ಹತ್ತಿರವಿದೆಯೆಂದು ಎಣಿಸದೆ, ಕೂಡಲೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ನನ್ನು ಆರಿಸಿರಿ.

ಇವು ಕೈಗೂಡದಷ್ಟು ಹಣವಿಲ್ಲದಿದ್ದರೆ ಗಾಡಿಯನ್ನು ಕೆಲವು ತಿಂಗಳು ನಿಲ್ಲಿಸಿ ಬಸ್ಸಿನಲ್ಲಿ ಹೋಗುವುದು ಮೇಲು. ಅದರಲ್ಲಿ ಅಗೌರವವೇನೂ ಇಲ್ಲ. ನಿಂತ ಗಾಡಿ ಯಾರಿಗೂ ಕೇಡುಮಾಡದು; ಅರೆಗೆಲಸದ ಗಾಡಿ, ಕೆಲಸ ಮಾಡಿದವನನ್ನೂ ಮಾಡಿಸಿದವನನ್ನೂ ಬಿಟ್ಟು, ಹಿಂದಿನ ಆಸನದಲ್ಲಿ ನಿಶ್ಚಿಂತೆಯಾಗಿ ನಿದ್ರೆಹೋದವರಿಂದ ಬಾಕಿಯನ್ನು ವಸೂಲುಮಾಡಬಲ್ಲುದು.